ದುಬೈಯಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆ: ಸೇರಿಸುವ ಮೊದಲು ಹಾಕಬೇಕಾದ ಲೆಕ್ಕ

ದುಬೈಯಲ್ಲಿ ಬಾಡಿಗೆ ಮನೆ ಸರಿಬರದಿದ್ದರೆ ವರ್ಷದ ಕರಾರು ಮುಗಿಸಿ ಬೇರೆ ಮನೆ ಹಿಡಿಯಬಹುದು. ಶಾಲೆಯ ವಿಷಯದಲ್ಲಿ ಆ ಅನುಕೂಲ ಇಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮಗು ಒಂದು ಫಾರ್ಮಿನಲ್ಲಿ ಗುರುತು ಹಾಕಿದ ವಿಷಯಗಳೇ ಹದಿನೆಂಟರಲ್ಲಿ ಅದು ಮೆಡಿಕಲ್ ಸೇರಬಹುದೋ ಇಲ್ಲವೋ ಎಂದು ತೀರ್ಮಾನಿಸಿಬಿಡುತ್ತವೆ. ಆದರೂ ಬೆಂಗಳೂರು, ಮಂಗಳೂರುಗಳಿಂದ ಕೆಲಸದ ಮೇಲೆ ಹೋಗುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಮೂರೇ ಸಂಗತಿ ನೋಡಿ ಶಾಲೆ ಗೊತ್ತುಮಾಡುತ್ತಾರೆ: ಮನೆಗೆ ಎಷ್ಟು ಹತ್ತಿರ, ಫೀಸು ಎಷ್ಟು, ಕಟ್ಟಡ ಹೇಗಿದೆ. ಮೂರೂ ಬೇಕಾದವೇ. ಆದರೆ ಇವಕ್ಕಿಂತ ಮೊದಲು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಬೇಕಾದ ಪ್ರಶ್ನೆ ಬೇರೆ. ಈ ಮಗು ಶಾಲೆಯಿಂದ ಹೊರಗೆ ಬರುವಾಗ ಎಲ್ಲಿಗೆ ಹೋಗುತ್ತದೆ? ಭಾರತಕ್ಕೋ, ಬ್ರಿಟನ್ನಿಗೋ, ಅಲ್ಲೇ ಯುಎಇಯಲ್ಲಿ ಉಳಿಯುತ್ತದೋ? ನಾವು ಇಲ್ಲಿ ಮೂರು ವರ್ಷ ಇರುವವರೋ, ಹತ್ತು ವರ್ಷವೋ?

ಉತ್ತರ ಪೂರ್ತಿ ಗೊತ್ತಿರಬೇಕೆಂದಿಲ್ಲ. ಅಂದಾಜು ಇದ್ದರೆ ಸಾಕು. ಮುಂದೆ ಹೇಳುವ ಪ್ರತಿಯೊಂದು ಸಂಗತಿಯನ್ನೂ ಆ ಅಂದಾಜಿನ ಪಕ್ಕದಲ್ಲಿಟ್ಟು ನೋಡಬೇಕು.

‘ಬ್ರಿಟಿಷ್’ ಎಂಬ ಬೋರ್ಡು

ದುಬೈಯ ಖಾಸಗಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ಮೊದಲ ಸ್ಥಾನ ಬ್ರಿಟಿಷ್ ಪಠ್ಯಕ್ರಮದ್ದು, ಅದರ ನಂತರ ಭಾರತೀಯ ಪಠ್ಯಕ್ರಮದ್ದು. ಬ್ರಿಟಿಷ್ ಎಂದು ಹೇಳಿದರೂ ಅಲ್ಲಿ ಕಲಿಸುವುದು ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮ. ಸ್ಕಾಟ್ಲೆಂಡಿನದು ಬೇರೆಯೇ ಇದೆ. ಹೆಸರಿನಲ್ಲಿ ‘ಬ್ರಿಟಿಷ್’ ಎಂದಿದ್ದ ಮಾತ್ರಕ್ಕೆ ಲಂಡನ್ನಿನ ಯಾರೋ ಬಂದು ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆಂದು ಅರ್ಥವಲ್ಲ. ಅಂಥ ಮುದ್ರೆ ಬೇರೆಯೇ ಇದೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ ‘ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್’ ಎಂಬ ಯೋಜನೆ ನಡೆಸುತ್ತದೆ, ಬಾಯಿಮಾತಿನಲ್ಲಿ ಬಿಎಸ್‌ಒ. ಇಲಾಖೆ ಒಪ್ಪಿದ ತಪಾಸಣಾ ಸಂಸ್ಥೆಗಳು ಹೊರದೇಶದ ಶಾಲೆಗೆ ಹೋಗಿ ನೋಡಿ ವರದಿ ಬರೆಯುತ್ತವೆ. ಆ ವರದಿಗಳು ಯಾರು ಬೇಕಾದರೂ ಓದುವಂತೆ ತೆರೆದಿರುತ್ತವೆ. ಬಿಎಸ್‌ಒ ಇಲ್ಲದ ಒಳ್ಳೆಯ ಶಾಲೆಗಳೂ ಇವೆ, ಹೊಸ ಶಾಲೆಗೆ ಅದು ಸಿಗಲು ಕಾಲ ಬೇಕಾಗುತ್ತದೆ. ಆದರೆ ಹತ್ತು ವರ್ಷ ಹಳೆಯ ಶಾಲೆ ತನ್ನನ್ನು ಬ್ರಿಟಿಷ್ ಎಂದು ಕರೆದುಕೊಂಡು ಬಿಎಸ್‌ಒ ಇಲ್ಲದೆ ನಡೆಯುತ್ತಿದ್ದರೆ ಏಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೋಬಿಸ್, ಬಿಎಸ್‌ಎಂಇ ಮೊದಲಾದ ಒಕ್ಕೂಟಗಳ ಲಾಂಛನಗಳೂ ಗೋಡೆಯ ಮೇಲೆ ಕಾಣುತ್ತವೆ. ಅವು ಶಾಲೆಗಳ ಸಂಘಗಳು. ಸದಸ್ಯತ್ವಕ್ಕೆ ಷರತ್ತುಗಳಿರುವುದು ನಿಜ, ಆದರೆ ಅದನ್ನು ಸರ್ಕಾರಿ ತಪಾಸಣೆಯ ಸಮಕ್ಕೆ ಹಿಡಿಯಬಾರದು.

ತರಗತಿಯ ಸಂಖ್ಯೆಯಲ್ಲೇ ಆಗುವ ಗೊಂದಲ

ಅತಿ ಹೆಚ್ಚು ಮನೆಗಳಲ್ಲಿ ಬೇಸರಕ್ಕೆ, ಕೆಲವೊಮ್ಮೆ ಅಳುವಿಗೂ ಕಾರಣವಾಗುವ ಸಂಗತಿ ಇದು. ಬ್ರಿಟಿಷ್ ಶಾಲೆಯ ‘ಇಯರ್’ ಸಂಖ್ಯೆ ನಮ್ಮ ತರಗತಿಯ ಸಂಖ್ಯೆಗಿಂತ ಒಂದು ಹೆಚ್ಚು. ನಮ್ಮ ಎಲ್‌ಕೆಜಿ ಅಲ್ಲಿ ಎಫ್‌ಎಸ್ (ಫೌಂಡೇಶನ್ ಸ್ಟೇಜ್) 2, ಯುಕೆಜಿ ಇಯರ್ 1, ಒಂದನೇ ತರಗತಿ ಇಯರ್ 2. ಹೀಗೇ ಹೋಗಿ ಹತ್ತನೆಯದು ಇಯರ್ 11, ಎರಡನೇ ಪಿಯುಸಿ ಇಯರ್ 13.

ಒಂದು ಮಗುವನ್ನೇ ತೆಗೆದುಕೊಳ್ಳೋಣ. 2017ರ ಮೇ ತಿಂಗಳಲ್ಲಿ ಹುಟ್ಟಿದ್ದು. ಮೈಸೂರಿನಲ್ಲಿ 2026ರ ಮಾರ್ಚಿಗೆ ಮೂರನೇ ತರಗತಿ ಮುಗಿಸಿತು. ಏಪ್ರಿಲ್‌ನಲ್ಲಿ ದುಬೈಗೆ ಬಂದರೆ ಅಲ್ಲಿ ಇಯರ್ 4ರ ಕೊನೆಯ ಟರ್ಮ್ ನಡೆಯುತ್ತಿರುತ್ತದೆ. ಶಾಲೆ ಮಗುವನ್ನು ಅಲ್ಲಿಗೇ ಹಾಕುತ್ತದೆ. ‘ಮೂರನೆಯದು ಮುಗಿದಿದೆ, ಮತ್ತೆ ಅದನ್ನೇ ಓದಿಸುತ್ತೀರಾ’ ಎಂದು ಅಪ್ಪ ಅಮ್ಮ ಜಗಳಕ್ಕೆ ನಿಲ್ಲುತ್ತಾರೆ. ಇಲ್ಲಿ ಹಿಂಬಡ್ತಿ ಏನೂ ಆಗಿಲ್ಲ. ನಮ್ಮ ಶಾಲಾ ವರ್ಷ ಮಾರ್ಚ್, ಏಪ್ರಿಲ್‌ಗೆ ಮುಗಿದರೆ ಅವರದು ಜುಲೈ ಹತ್ತಿರ ಮುಗಿಯುತ್ತದೆ, ಅಷ್ಟೇ. ಆಗಸ್ಟ್ ಕೊನೆಯಲ್ಲಿ ಆ ಮಗು ತನ್ನ ವಯಸ್ಸಿನವರ ಜೊತೆಗೇ ಇಯರ್ 5ಕ್ಕೆ, ಅಂದರೆ ನಾಲ್ಕನೇ ತರಗತಿಗೆ ಹೋಗುತ್ತದೆ. ಆ ಮೂರು ತಿಂಗಳು ಹೊಸ ಮಾತು, ಹೊಸ ಗೆಳೆಯರಿಗೆ ಒಗ್ಗಿಕೊಳ್ಳಲು ಸಿಕ್ಕ ಬಿಡುವು ಎಂದುಕೊಂಡರೆ ಮಗುವಿಗೇ ಒಳ್ಳೆಯದು. ಜಗಳವಾಡಿ ಮೇಲಿನ ತರಗತಿಗೆ ಹಾಕಿಸಿದರೆ ತನಗಿಂತ ವರ್ಷ ದೊಡ್ಡವರ ನಡುವೆ ಮಗು ಒದ್ದಾಡುತ್ತದೆ. ಹದಿನೈದರ ವಯಸ್ಸಿನಲ್ಲಿ ಬರುವ ದೊಡ್ಡ ಪರೀಕ್ಷೆಗೂ ಅದೇ ಒದ್ದಾಟ ಮುಂದುವರಿಯುತ್ತದೆ.

ಪುಟ್ಟ ಮಕ್ಕಳಿಗೆ ವಯಸ್ಸಿನ ಗಡಿ ಈಚೆಗೆ ಬದಲಾಗಿದೆ. ಮೊದಲು ಆಗಸ್ಟ್ 31ಕ್ಕೆ ವಯಸ್ಸು ತುಂಬಿರಬೇಕಿತ್ತು. 2026-27ರ ಹೊಸ ದಾಖಲಾತಿಗಳಿಗೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಶಾಲೆಗಳಲ್ಲಿ, ಆ ದಿನ ಡಿಸೆಂಬರ್ 31 ಆಗಿದೆ. ಎಫ್‌ಎಸ್ 1ಕ್ಕೆ ಮೂರು, ಎಫ್‌ಎಸ್ 2ಕ್ಕೆ ನಾಲ್ಕು, ಇಯರ್ 1ಕ್ಕೆ ಐದು ವರ್ಷ ಆ ದಿನಕ್ಕೆ ತುಂಬಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಹುಟ್ಟಿದ ಮಗು ಹೊಸ ನಿಯಮದಂತೆ ಒಂದು ವರ್ಷ ಮೊದಲೇ ಸೇರಬಹುದು. ಸೇರಬಹುದು ಎಂದ ಮಾತ್ರಕ್ಕೆ ಸೇರಿಸಲೇಬೇಕೆಂದಲ್ಲ. ತರಗತಿಯಲ್ಲೇ ಎಲ್ಲರಿಗಿಂತ ಚಿಕ್ಕದಾಗಿ, ಇಂಗ್ಲಿಷ್ ಮಾತು ಇನ್ನೂ ಬಾರದೆ ಕೂರುವ ಮಗುವಿನ ಕಷ್ಟವನ್ನೂ ಯೋಚಿಸಿ, ಶಾಲೆಯ ಜೊತೆ ಮಾತಾಡಿ ನಿರ್ಧರಿಸಿ.

ತಪಾಸಣಾ ವರದಿಯನ್ನು ಓದುವ ಬಗೆ

ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ಕೆಎಚ್‌ಡಿಎ ಎಂಬ ಪ್ರಾಧಿಕಾರದ್ದು. ಶಾರ್ಜಾದಲ್ಲಿ ಸ್ಪಿಯಾ, ಅಬುಧಾಬಿಯಲ್ಲಿ ಅಡೆಕ್. ಕೆಎಚ್‌ಡಿಎ ತಪಾಸಣೆಯಲ್ಲಿ ಆರು ದರ್ಜೆಗಳಿವೆ: ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಅಕ್ಸೆಪ್ಟಬಲ್, ವೀಕ್, ವೆರಿ ವೀಕ್. ಶಾಲೆಯ ಜಾಹೀರಾತಿನಲ್ಲಿ ಕಾಣುವುದು ಈ ಒಂದು ಪದ ಮಾತ್ರ. ವರದಿ ಹತ್ತಾರು ಪುಟ ಇರುತ್ತದೆ, ಮಗುವಿಗೆ ಬೇಕಾದ ಸುದ್ದಿ ಇರುವುದು ಆ ಪುಟಗಳಲ್ಲಿ.

ಮೊದಲು ವರದಿಯ ಮೇಲಿರುವ ವರ್ಷ ನೋಡಿ. 2024-25ರ ಸಾಲಿನಲ್ಲಿ ಎಂದಿನ ಪೂರ್ಣ ತಪಾಸಣೆಗಳು ನಡೆಯಲಿಲ್ಲ. ಹಾಗಾಗಿ ಗೇಟಿನ ಮೇಲೆ ಹಾಕಿರುವ ದರ್ಜೆ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಅದು ಸಿಕ್ಕಾಗ ಇದ್ದ ಪ್ರಿನ್ಸಿಪಾಲರು ಈಗಲೂ ಇದ್ದಾರೆಯೇ ಎಂದು ಕೇಳಿ. ಪ್ರಿನ್ಸಿಪಾಲರು ಬದಲಾಗಿ, ಅವರ ಜೊತೆ ವಿಭಾಗದ ಮುಖ್ಯಸ್ಥರೂ ಹೋಗಿದ್ದರೆ ಆ ದರ್ಜೆ ಈಗಿನ ಶಾಲೆಯ ಬಗ್ಗೆ ಹೇಳುವುದು ಕಡಿಮೆ.

ಆಮೇಲೆ ಶಾಲೆಯ ವಿವರಗಳ ಪುಟಕ್ಕೆ ಬನ್ನಿ. ಮಕ್ಕಳ ಒಟ್ಟು ಸಂಖ್ಯೆ, ಶಿಕ್ಷಕರ ಸಂಖ್ಯೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಸಹಾಯಕ ಶಿಕ್ಷಕರು ಎಷ್ಟು, ಅತಿ ಹೆಚ್ಚು ಮಕ್ಕಳು ಯಾವ ದೇಶದವರು ಎಂಬುದೆಲ್ಲ ಅಲ್ಲಿ ಇರುತ್ತದೆ. ಅದೇ ಸಾಲಿನಲ್ಲಿ ‘ಟೀಚರ್ ಟರ್ನೋವರ್’ ಎಂಬ ಶೇಕಡಾವಾರು ಅಂಕಿ ಕಾಣುತ್ತದೆ. ವರ್ಷದಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂಬ ಲೆಕ್ಕ ಅದು. ಬ್ರಿಟನ್ನಿನಿಂದ ಬರುವ ಶಿಕ್ಷಕರ ಒಪ್ಪಂದ ಬಹುತೇಕ ಎರಡು ವರ್ಷದ್ದು, ಆದ್ದರಿಂದ ಐದರಲ್ಲಿ ಒಬ್ಬರು ಬದಲಾಗುವುದು ಆ ಊರಿನಲ್ಲಿ ಮಾಮೂಲು. ಮೂವರಲ್ಲಿ ಒಬ್ಬರು ಹೋಗುತ್ತಿದ್ದರೆ ನಿಮ್ಮ ಮಗು ಇಯರ್ 10ರಲ್ಲಿ ಒಬ್ಬರಿಂದ ಕೆಮಿಸ್ಟ್ರಿ ಕಲಿಯಲು ಶುರುಮಾಡಿ ಇಯರ್ 11ರಲ್ಲಿ ಇನ್ನೊಬ್ಬರ ಕೈಗೆ ಬೀಳುವ ಸಾಧ್ಯತೆ ದೊಡ್ಡದು. ಒಂದೇ ಅಂಕಿ ನೋಡಲು ಬಿಡುವಿರುವವರು ಇದನ್ನೇ ನೋಡಲಿ.

ಮೂರನೆಯದು ಚೌಕಗಳ ಪಟ್ಟಿ. ಅಡ್ಡಕ್ಕೆ ಫೌಂಡೇಶನ್, ಪ್ರೈಮರಿ, ಸೆಕೆಂಡರಿ, ಪೋಸ್ಟ್-16 ಎಂಬ ಹಂತಗಳು. ಉದ್ದಕ್ಕೆ ಅರೇಬಿಕ್, ಇಂಗ್ಲಿಷ್, ಗಣಿತ, ವಿಜ್ಞಾನ ಮೊದಲಾದ ವಿಷಯಗಳು. ಪ್ರತಿ ವಿಷಯಕ್ಕೂ ‘ಅಟೈನ್‌ಮೆಂಟ್’ ಮತ್ತು ‘ಪ್ರೋಗ್ರೆಸ್’ ಎಂಬ ಎರಡು ಸಾಲು. ಮಕ್ಕಳು ಈಗ ಯಾವ ಮಟ್ಟದಲ್ಲಿದ್ದಾರೆ ಎಂಬುದು ಮೊದಲನೆಯದು. ಸೇರಿದಾಗ ಇದ್ದಲ್ಲಿಂದ ಎಷ್ಟು ಮುಂದೆ ಬಂದಿದ್ದಾರೆ ಎಂಬುದು ಎರಡನೆಯದು. ಪ್ರವೇಶ ಪರೀಕ್ಷೆ ಇಟ್ಟು ಜಾಣರನ್ನೇ ಆಯ್ದುಕೊಳ್ಳುವ ಶಾಲೆಯ ಅಟೈನ್‌ಮೆಂಟ್ ತಾನಾಗಿಯೇ ಮೇಲಿರುತ್ತದೆ. ಪಾಠ ಹೇಗೆ ನಡೆಯುತ್ತಿದೆ ಎಂದು ಹೇಳುವುದು ಪ್ರೋಗ್ರೆಸ್. ಒಟ್ಟಾರೆ ‘ವೆರಿ ಗುಡ್’ ಸಿಕ್ಕ ಶಾಲೆಯಲ್ಲೂ ಸೆಕೆಂಡರಿ ಗಣಿತದ ಚೌಕ ಒಂದೆರಡು ಮೆಟ್ಟಿಲು ಕೆಳಗಿರಬಹುದು. ಎಫ್‌ಎಸ್‌ಗೆ ಸೇರಿಸುವವರಿಗೆ ಅದರಿಂದ ಇವತ್ತು ತೊಂದರೆ ಇಲ್ಲ, ಇಯರ್ 9ಕ್ಕೆ ಸೇರಿಸುವವರು ಅಲ್ಲೇ ನಿಂತು ಯೋಚಿಸಬೇಕು. ಹಂತ ಹಂತಕ್ಕೂ ದರ್ಜೆ ಕೆಳಗಿಳಿಯುತ್ತಾ ಹೋಗುವ ಶಾಲೆಗಳಲ್ಲಿ ಚಿಕ್ಕ ಮಕ್ಕಳ ವಿಭಾಗ ಗಟ್ಟಿಯಾಗಿದ್ದು ದೊಡ್ಡವರ ವಿಭಾಗ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ.

ಅರೇಬಿಕ್‌ನ ದರ್ಜೆ ಬ್ರಿಟಿಷ್ ಶಾಲೆಗಳಲ್ಲಿ ಸಾಮಾನ್ಯವಾಗಿ ಉಳಿದವಕ್ಕಿಂತ ಕೆಳಗಿರುತ್ತದೆ, ಅದನ್ನು ಕಂಡು ಗಾಬರಿಯಾಗುವುದು ಬೇಡ. ಆದರೆ ಅರೇಬಿಕ್ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಗೊತ್ತಿರಲಿ. ಅರಬರಲ್ಲದ ಮಕ್ಕಳಿಗೂ ಇಯರ್ 2ರಿಂದ ಇಯರ್ 10ರ ತನಕ ಅದು ಕಡ್ಡಾಯ.

ಪರೀಕ್ಷೆ, ವಿಷಯ, ಮತ್ತು ಊರಿಗೆ ಮರಳುವ ದಾರಿ

ಹೆಚ್ಚು ನಿಧಾನವಾಗಿ ಓದಬೇಕಾದ ಭಾಗ ಇದು. ತಪ್ಪಾದರೆ ತಿದ್ದಲು ಅತಿ ಕಡಿಮೆ ಅವಕಾಶ ಇರುವುದು ಇಲ್ಲೇ.

ಇಯರ್ 9ರಲ್ಲಿ ವಿಷಯಗಳ ಆಯ್ಕೆ. ಇಯರ್ 10, 11ರಲ್ಲಿ ಜಿಸಿಎಸ್‌ಇ ಅಥವಾ ಅದರ ಅಂತರರಾಷ್ಟ್ರೀಯ ರೂಪವಾದ ಐಜಿಸಿಎಸ್‌ಇ ಓದಿ ಪರೀಕ್ಷೆ. ಇಯರ್ 12, 13ರಲ್ಲಿ ಎ ಲೆವೆಲ್. ಪರೀಕ್ಷೆ ನಡೆಸುವುದು ಶಾಲೆಯಲ್ಲ. ಕೇಂಬ್ರಿಜ್, ಪಿಯರ್ಸನ್ ಎಡೆಕ್ಸೆಲ್, ಆಕ್ಸ್‌ಫರ್ಡ್ ಎಕ್ಯೂಎ ಮೊದಲಾದ ಮಂಡಳಿಗಳು. ಒಂದೇ ಶಾಲೆ ಗಣಿತಕ್ಕೆ ಒಂದು ಮಂಡಳಿ, ಭೌತಶಾಸ್ತ್ರಕ್ಕೆ ಇನ್ನೊಂದು ಮಂಡಳಿ ಹಿಡಿಯಬಹುದು. ಅಂಕಗಳ ಬದಲು ಗ್ರೇಡ್: ಕೆಲವದರಲ್ಲಿ ಎ-ಸ್ಟಾರ್‌ನಿಂದ ಜಿವರೆಗೆ, ಕೆಲವದರಲ್ಲಿ 9ರಿಂದ 1ರವರೆಗೆ. 9 ಎಲ್ಲಕ್ಕಿಂತ ಮೇಲು, 7 ಅಂದರೆ ಸರಿಸುಮಾರು ಎ, 4 ಅಂದರೆ ಪಾಸು.

ಐಜಿಸಿಎಸ್‌ಇಯಲ್ಲಿ ಕಣ್ಣಿಗೆ ಬೀಳದ ಒಂದು ಹಳ್ಳ ಇದೆ. ಗಣಿತದಲ್ಲಿ ಎರಡು ಮಟ್ಟದ ಪ್ರಶ್ನೆಪತ್ರಿಕೆ: ಕೇಂಬ್ರಿಜ್‌ನಲ್ಲಿ ಕೋರ್ ಮತ್ತು ಎಕ್ಸ್‌ಟೆಂಡೆಡ್, ಎಡೆಕ್ಸೆಲ್‌ನಲ್ಲಿ ಫೌಂಡೇಶನ್ ಮತ್ತು ಹೈಯರ್. ಕೆಳಗಿನ ಮಟ್ಟದ ಪತ್ರಿಕೆ ಬರೆದ ಮಗು ಎಲ್ಲಾ ಪ್ರಶ್ನೆಗೂ ಸರಿಯುತ್ತರ ಬರೆದರೂ ಸಿಗುವ ಗರಿಷ್ಠ ಗ್ರೇಡ್ ಸಿ ಅಥವಾ 5. ಎ ಲೆವೆಲ್ ಗಣಿತಕ್ಕೆ ಅದು ಸಾಲುವುದಿಲ್ಲ. ಮಗುವನ್ನು ಯಾವ ಮಟ್ಟಕ್ಕೆ ಹಾಕಿದ್ದಾರೆಂದು ರಿಪೋರ್ಟ್ ಕಾರ್ಡಿನಲ್ಲಿ ಎದ್ದು ಕಾಣುವುದಿಲ್ಲ. ಇಯರ್ 10ರ ಮೊದಲ ಟರ್ಮಿನಲ್ಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ವಿಜ್ಞಾನದಲ್ಲೂ ಹೀಗೆಯೇ. ಭೌತ, ರಸಾಯನ, ಜೀವಶಾಸ್ತ್ರ ಬೇರೆ ಬೇರೆಯಾಗಿ ಓದುವುದು ಒಂದು ದಾರಿ, ಮೂರನ್ನೂ ಸೇರಿಸಿ ಎರಡು ಗ್ರೇಡ್ ಕೊಡುವ ಡಬಲ್ ಅವಾರ್ಡ್ ಇನ್ನೊಂದು. ಡಾಕ್ಟರು, ಎಂಜಿನಿಯರು ಎಂಬ ಆಸೆಯಿದ್ದರೆ ಬೇರೆ ಬೇರೆಯಾಗಿ ಓದಿಸುವುದೇ ಕ್ಷೇಮ.

ಇನ್ನು ಎ ಲೆವೆಲ್. ಬ್ರಿಟನ್ನಿನ ವಿಶ್ವವಿದ್ಯಾಲಯಕ್ಕೆ ಮೂರು ವಿಷಯ ಸಾಕು, ಆದ್ದರಿಂದ ಶಾಲೆಗಳು ಮೂರೇ ಓದಿಸುತ್ತವೆ. ಪಿಸಿಎಂಬಿ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ದೊಡ್ಡ ವ್ಯತ್ಯಾಸ. ನಾಲ್ಕೂ ಬೇಕೆಂದರೆ ನಾಲ್ಕು ಎ ಲೆವೆಲ್ ಓದಬೇಕು. ಅದಕ್ಕೆ ಮಗುವಿನ ಶಕ್ತಿಯಷ್ಟೇ ಶಾಲೆಯ ಟೈಮ್‌ಟೇಬಲ್ಲೂ ಒಪ್ಪಬೇಕು. ಶಾಲೆಗಳು ವಿಷಯಗಳನ್ನು ‘ಬ್ಲಾಕ್’ಗಳಾಗಿ ಜೋಡಿಸುತ್ತವೆ, ಒಂದೇ ಬ್ಲಾಕಿನಲ್ಲಿರುವ ಎರಡು ವಿಷಯ ಒಟ್ಟಿಗೆ ಓದಲಾಗದು. ಚಿಕ್ಕ ಶಾಲೆಯಲ್ಲಿ ಬಯಾಲಜಿ ಮತ್ತು ಗಣಿತ ಒಂದೇ ಹೊತ್ತಿಗೆ ಬಿದ್ದರೆ ಅಲ್ಲಿಗೆ ಪಿಸಿಎಂಬಿ ಮುಗಿಯಿತು. ‘ಎಲ್ಲಾ ವಿಷಯಗಳೂ ಇವೆ’ ಎಂಬ ಉತ್ತರ ಕೇಳಿ ಎದ್ದು ಬರಬೇಡಿ. ಈ ವರ್ಷದ ಇಯರ್ 12ರ ಬ್ಲಾಕ್‌ಗಳ ಹಾಳೆ ತೋರಿಸಿ ಎನ್ನಿ. ಪ್ರತಿ ವಿಷಯದಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದೂ ಕೇಳಿ. ಪಟ್ಟಿಯಲ್ಲಿದ್ದರೂ ಮಕ್ಕಳು ಸಾಲದೆ ಶುರುವೇ ಆಗದ ವಿಷಯಗಳು ಇರುತ್ತವೆ.

ನೀಟ್ ಬರೆಯುವವರಿಗೆ 12ನೇ ತರಗತಿ ಮಟ್ಟದಲ್ಲಿ ಭೌತ, ರಸಾಯನ, ಜೀವಶಾಸ್ತ್ರದ ಜೊತೆ ಇಂಗ್ಲಿಷ್ ಕೂಡ ಇರಬೇಕು. ಮೂರು ವಿಜ್ಞಾನ ಎ ಲೆವೆಲ್ ಓದಿದ ಮಗುವಿನ ಬಳಿ ಆ ಇಂಗ್ಲಿಷ್ ಇರುವುದಿಲ್ಲ. ಇಯರ್ 11ರಲ್ಲೇ ಅದು ಮುಗಿದಿರುತ್ತದೆ. ಇಯರ್ 12ರಲ್ಲಿ ಎಎಸ್ ಮಟ್ಟದ, ಅಂದರೆ ಎ ಲೆವೆಲ್‌ನ ಮೊದಲ ಅರ್ಧದ, ಇಂಗ್ಲಿಷ್ ಸೇರಿಸಿಕೊಳ್ಳುವುದು ಇದಕ್ಕೆ ಬಳಕೆಯಲ್ಲಿರುವ ದಾರಿ. ಅದನ್ನು ಶಾಲೆ ಓದಿಸುತ್ತದೆಯೇ, ಪರೀಕ್ಷೆಗೆ ಕೂರಿಸುತ್ತದೆಯೇ ಎಂದು ಮೊದಲೇ ಗೊತ್ತಿರಬೇಕು. ಜೆಇಇ ದಾರಿಯಲ್ಲಿ 12ರ ಮಟ್ಟದಲ್ಲಿ ಐದು ವಿಷಯ ಕೇಳುತ್ತಾರೆ, ಮೂರು ಎ ಲೆವೆಲ್ ಅಲ್ಲಿ ಕಡಿಮೆ ಬೀಳುತ್ತದೆ. ಈ ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಂಡ ಮನೆಯವರು ಇಯರ್ 11ರ ನಂತರ ದುಬೈಯಲ್ಲೇ ಇರುವ ಸಿಬಿಎಸ್‌ಇ ಶಾಲೆಯ 11ನೇ ತರಗತಿಯನ್ನೂ ಯೋಚಿಸಬೇಕು. ಬ್ರಿಟಿಷ್ ಪಠ್ಯಕ್ರಮ ಕೀಳೆಂದು ಈ ಮಾತು ಹೇಳುತ್ತಿಲ್ಲ. ಮಗುವನ್ನು ಅದು ಬೇರೆ ರೀತಿಯ ಪರೀಕ್ಷೆಗೆ ತಯಾರು ಮಾಡುತ್ತದೆ.

ಭಾರತದಲ್ಲಿ ಈ ಸರ್ಟಿಫಿಕೇಟುಗಳಿಗೆ ಸಮಾನತೆ ಕೊಡುತ್ತಾ ಬಂದಿರುವುದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ಹತ್ತನೆಯದಕ್ಕೆ ಸಮ ಎನ್ನಿಸಿಕೊಳ್ಳಲು ಐಜಿಸಿಎಸ್‌ಇಯಲ್ಲಿ ಸಾಮಾನ್ಯವಾಗಿ ಐದು ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕಾಗುತ್ತದೆ. ಆರು ವಿಷಯವಷ್ಟೇ ತೆಗೆದುಕೊಂಡ ಮಗು ಎರಡರಲ್ಲಿ ಡಿ ತಂದರೆ ಪೇಚು. ಎಂಟು ಒಂಬತ್ತು ವಿಷಯ ಬರೆಯುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಮರಳುವ ದಾರಿಯಲ್ಲಿ ಎಲ್ಲರೂ ಎಡವುವುದು ಕ್ಯಾಲೆಂಡರಿನ ಮೇಲೆ. ಐಜಿಸಿಎಸ್‌ಇ ಪರೀಕ್ಷೆ ಮೇ-ಜೂನ್‌ನಲ್ಲಿ, ಫಲಿತಾಂಶ ಆಗಸ್ಟ್‌ನಲ್ಲಿ. ಕರ್ನಾಟಕದಲ್ಲಿ ಅಷ್ಟು ಹೊತ್ತಿಗೆ ಮೊದಲ ಪಿಯುಸಿಯ ಪಾಠಗಳು ಸಾಕಷ್ಟು ಮುಂದೆ ಹೋಗಿರುತ್ತವೆ, ಸಿಬಿಎಸ್‌ಇ 11ನೆಯದು ಏಪ್ರಿಲ್‌ನಲ್ಲೇ ಶುರುವಾಗಿರುತ್ತದೆ. ಎ ಲೆವೆಲ್ ಫಲಿತಾಂಶವೂ ಆಗಸ್ಟ್ ಮಧ್ಯದಲ್ಲಿ. ಎಂಜಿನಿಯರಿಂಗ್ ಕೌನ್ಸೆಲಿಂಗ್ ಶುರುವಾಗುವ ಹೊತ್ತಿಗೆ ಅಂಕಪಟ್ಟಿ ಕೈಯಲ್ಲಿ ಇರುವುದಿಲ್ಲ. ಕೇಂಬ್ರಿಜ್‌ನ ಅಕ್ಟೋಬರ್-ನವೆಂಬರ್ ಸರಣಿ, ಎ ಲೆವೆಲ್‌ಗೆ ಎಡೆಕ್ಸೆಲ್‌ನ ಜನವರಿ ಸರಣಿ ಇರುವುದರಿಂದ ಕೆಲವು ಮಕ್ಕಳು ಮೊದಲೇ ಬರೆದು ಮುಗಿಸುತ್ತಾರೆ. ಅದಕ್ಕೆ ಶಾಲೆ ಒಪ್ಪಬೇಕು, ಎರಡು ವರ್ಷದ ಪಾಠ ಬೇಗ ಮುಗಿದಿರಬೇಕು.

ಶಾಲೆಯ ನಡುವಿನಲ್ಲೇ ಊರಿಗೆ ಬರುವುದಾದರೆ ಇಯರ್ 9ರ ಹೊತ್ತಿಗೆ ಬರುವುದು ಲೇಸು. ಅದು ನಮ್ಮ ಎಂಟನೆಯದು; ಮಗು ಒಂಬತ್ತಕ್ಕೆ ಸೇರಬಹುದು. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೆ ಮಕ್ಕಳನ್ನು ನೋಂದಾಯಿಸಿಕೊಳ್ಳುವುದು ಒಂಬತ್ತನೇ ತರಗತಿಯಲ್ಲೇ, ಹತ್ತಕ್ಕೆ ನೇರ ಪ್ರವೇಶಕ್ಕೆ ಬಿಗಿಯಾದ ಷರತ್ತುಗಳಿವೆ. ಐಜಿಸಿಎಸ್‌ಇ ಎರಡು ವರ್ಷದ ಓದು. ಇಯರ್ 10ರ ಕೊನೆಯಲ್ಲಿ ಎದ್ದು ಬಂದ ಮಗುವಿನ ಕೈಯಲ್ಲಿ ಈ ಕಡೆಯದೂ ಇಲ್ಲ, ಆ ಕಡೆಯದೂ ಇಲ್ಲ. ಕೆಲಸದ ಕರಾರು ಆ ವರ್ಷದಲ್ಲಿ ಮುಗಿಯುವ ಸೂಚನೆ ಇದ್ದರೆ ಇಯರ್ 10ಕ್ಕೆ ಕಾಲಿಡುವ ಮುನ್ನವೇ ತೀರ್ಮಾನವಾಗಬೇಕು. ಕೆಸಿಇಟಿ ಸೀಟಿನ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು: ಸಾಮಾನ್ಯ ಅರ್ಹತೆಗೆ ಒಂದನೇ ತರಗತಿಯಿಂದ ಎರಡನೇ ಪಿಯುಸಿ ನಡುವೆ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಆರನೆಯದಕ್ಕೆ ದುಬೈಗೆ ಹೋಗಿ ಪಿಯುಸಿಗೆ ಮರಳಿದರೆ ಐದು ಮತ್ತು ಎರಡು ಸೇರಿ ಏಳು ಆಗುತ್ತದೆ. ಐದನೆಯದಕ್ಕೇ ಹೋದರೆ ಒಂದು ವರ್ಷ ಕಡಿಮೆ.

ಬ್ರಿಟಿಷ್ ಶಾಲೆಯಲ್ಲಿ ಓದಿದರೆ ಬ್ರಿಟನ್ನಿನಲ್ಲಿ ಫೀಸು ಕಡಿಮೆ ಎಂಬ ನಂಬಿಕೆಯೂ ಹಲವರಲ್ಲಿದೆ. ಅದು ಸುಳ್ಳು. ಅಲ್ಲಿ ಫೀಸು ನಿರ್ಧಾರವಾಗುವುದು ವಾಸದ ಇತಿಹಾಸ ಮತ್ತು ವೀಸಾ ಸ್ಥಿತಿಯ ಮೇಲೆ. ದುಬೈಯಿಂದ ಹೋದ ಭಾರತೀಯ ಮಗು ವಿದೇಶಿ ವಿದ್ಯಾರ್ಥಿಯ ಫೀಸನ್ನೇ ಕಟ್ಟುತ್ತದೆ.

ಶಾಲೆಯವರು ಫಲಿತಾಂಶ ತೋರಿಸುವಾಗ ‘ಶೇಕಡಾ 60 ಎ-ಸ್ಟಾರ್ ಮತ್ತು ಎ’ ಎಂಬಂಥ ದೊಡ್ಡಕ್ಷರದ ಸಾಲು ಇದ್ದರೆ ಕೇಳಬೇಕಾದ್ದು ಎರಡೇ. ಇಯರ್ 13ರಲ್ಲಿ ಎಷ್ಟು ಮಕ್ಕಳಿದ್ದರು? ಅವರ ಪೈಕಿ ಎಷ್ಟು ಮಂದಿ ಇಯರ್ 11ರಿಂದ ಅದೇ ಶಾಲೆಯಲ್ಲಿದ್ದವರು? ಹದಿನೈದು ಮಕ್ಕಳ ಶೇಕಡಾ 60ಕ್ಕೂ ನೂರೈವತ್ತು ಮಕ್ಕಳ ಶೇಕಡಾ 60ಕ್ಕೂ ಬೆಲೆ ಒಂದೇ ಅಲ್ಲ. ಹಿಂದುಳಿದವರನ್ನು ಇಯರ್ 11ರ ನಂತರ ಮುಂದುವರಿಸದ ಶಾಲೆಗೆ ಈ ಸಾಲು ಸುಲಭವಾಗಿ ಸಿಗುತ್ತದೆ.

ಹಣ

ಬ್ರಿಟಿಷ್ ಶಾಲೆಗಳ ಫೀಸು ಕೆಳಹಂತದಲ್ಲಿ ವರ್ಷಕ್ಕೆ ಹದಿನೈದು ಸಾವಿರ ದಿರ್ಹಮ್ ಆಸುಪಾಸಿನಿಂದ ಹಿಡಿದು ಲಕ್ಷ ದಾಟುವವರೆಗೂ ಇದೆ. ಪ್ರತಿ ಶಾಲೆಯ ಫೀಸಿನ ವಿವರಪಟ್ಟಿಯನ್ನು ಕೆಎಚ್‌ಡಿಎ ಪ್ರಕಟಿಸುತ್ತದೆ. ಅದರಲ್ಲಿ ಬೋಧನಾ ಫೀಸಿನ ಜೊತೆ ಬಸ್ಸು, ಸಮವಸ್ತ್ರ, ಪುಸ್ತಕ ಮುಂತಾದ ಖರ್ಚುಗಳೂ ಇರುತ್ತವೆ. ಪಟ್ಟಿಯಲ್ಲಿ ನಿಮ್ಮ ಮಗುವಿನ ಈಗಿನ ತರಗತಿಯ ಸಾಲನ್ನಷ್ಟೇ ನೋಡಬೇಡಿ, ಕೊನೆಯ ಸಾಲಿನ ತನಕ ಬೆರಳಿಟ್ಟು ಇಳಿಯಿರಿ. ತರಗತಿ ಏರಿದಂತೆ ಫೀಸೂ ಏರುತ್ತದೆ, ಅದರ ಮೇಲೆ ವಾರ್ಷಿಕ ಹೆಚ್ಚಳ. ಹೆಚ್ಚಳಕ್ಕೆ ಶಾಲೆ ನಡೆಸುವ ಖರ್ಚಿನ ಏರಿಕೆ ಅಳೆಯುವ ಕೆಎಚ್‌ಡಿಎ ಸೂಚ್ಯಂಕವೇ ಮಿತಿ: 2024-25ಕ್ಕೆ ಶೇಕಡಾ 2.6, 2025-26ಕ್ಕೆ 2.35. ಇಯರ್ 4ಕ್ಕೆ 45,000 ಎಂದುಕೊಳ್ಳಿ. 2.35ರ ಹೆಚ್ಚಳ ಸುಮಾರು 1,058 ದಿರ್ಹಮ್, ಅದು ತಡೆದುಕೊಳ್ಳುವಂಥದ್ದು. ಬೆನ್ನು ಮುರಿಯುವುದು ಇಯರ್ 7 ಮತ್ತು ಇಯರ್ 10ರಲ್ಲಿ ಬರುವ ದೊಡ್ಡ ಮೆಟ್ಟಿಲುಗಳು. ಎರಡು ಮಕ್ಕಳಿದ್ದರೆ ಎರಡು ಮೆಟ್ಟಿಲೂ ಒಂದೇ ವರ್ಷ ಎದುರಾಗಬಹುದು. ಕಂಪನಿ ಕೊಡುವ ಶಿಕ್ಷಣ ಭತ್ಯೆ ಆಗ ಇದ್ದಷ್ಟೇ ಇರುತ್ತದೆ.

ಹೊಸ ಶಾಲೆಗಳು ಮೊದಲು ಸೇರಿದವರಿಗೆ ‘ಫೌಂಡರ್ಸ್’ ರಿಯಾಯಿತಿ ಕೊಡುತ್ತವೆ. ಅದು ಎಷ್ಟು ವರ್ಷ, ಆಮೇಲೆ ಪೂರ್ತಿ ಫೀಸು ಎಷ್ಟು ಎಂದು ಪತ್ರದಲ್ಲಿ ಇರಬೇಕು. ರಿಯಾಯಿತಿ ಮುಗಿದ ವರ್ಷ ಫೀಸು ಏರಿದ್ದನ್ನು ಕೆಎಚ್‌ಡಿಎ ಹೆಚ್ಚಳ ಎಂದು ಲೆಕ್ಕ ಹಿಡಿಯುವುದಿಲ್ಲ, ಏಕೆಂದರೆ ಮೂಲ ಫೀಸು ಬದಲಾಗಿಲ್ಲ.

ಸೀಟು ಹಿಡಿಯಲು ಹೊಸಬರಿಂದ ವಾರ್ಷಿಕ ಫೀಸಿನ ಶೇಕಡಾ 10ರ ತನಕ, ಹಳಬರಿಂದ ಶೇಕಡಾ 5ರ ತನಕ ಮುಂಗಡ ಪಡೆಯಬಹುದು. ಅದು ಮೊದಲ ಟರ್ಮಿನ ಫೀಸಿನಲ್ಲಿ ವಜಾ ಆಗುತ್ತದೆ, ಸೇರದಿದ್ದರೆ ಮರಳಿ ಬರುವುದು ಅಪರೂಪ. ಮಧ್ಯದಲ್ಲಿ ಬಿಟ್ಟರೆ ಲೆಕ್ಕ ಹೀಗೆ: ಟರ್ಮಿನಲ್ಲಿ ಎರಡು ವಾರದೊಳಗೆ ಬಿಟ್ಟರೆ ಒಂದು ತಿಂಗಳ ಫೀಸು, ಎರಡು ವಾರ ದಾಟಿ ತಿಂಗಳೊಳಗಾದರೆ ಎರಡು ತಿಂಗಳದ್ದು, ತಿಂಗಳು ದಾಟಿದರೆ ಆ ಟರ್ಮಿನ ಪೂರ್ತಿ ಫೀಸು. ಕೆಲಸ ಹೋಗುವ ಸುದ್ದಿ ಟರ್ಮ್ ಶುರುವಿನಲ್ಲಿ ಬಂದರೆ ಈ ದಿನಗಳ ಲೆಕ್ಕ ನೆನಪಿರಲಿ. ಬಾಕಿ ಉಳಿದರೆ ಟಿಸಿ ಸಿಗುವುದು ಕಷ್ಟ. ಟಿಸಿ ಇಲ್ಲದೆ ಮುಂದಿನ ಶಾಲೆ ಇಲ್ಲ. ಐಜಿಸಿಎಸ್‌ಇ, ಎ ಲೆವೆಲ್ ಪರೀಕ್ಷಾ ಶುಲ್ಕ ಬೋಧನಾ ಫೀಸಿನಲ್ಲಿ ಸೇರಿರುವುದಿಲ್ಲ, ವಿಷಯಕ್ಕೆ ಇಷ್ಟೆಂದು ಬೇರೆಯಾಗಿ ಕಟ್ಟಬೇಕು.

ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿ ಮನೆ ಹಿಡಿದು ದುಬೈ ಶಾಲೆಗೆ ಕಳಿಸುವವರು ಬಸ್ಸಿನ ಹೊತ್ತನ್ನೂ ಖರ್ಚಿಗೆ ಸೇರಿಸಬೇಕು. ಬೆಳಗಿನ ಆ ರಸ್ತೆಯ ದಟ್ಟಣೆಯಲ್ಲಿ ಐದು ವರ್ಷದ ಮಗು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲೇ ಕಳೆಯುವುದುಂಟು. ಶಾರ್ಜಾದಲ್ಲಿ ಶುಕ್ರವಾರ ರಜೆ, ದುಬೈಯಲ್ಲಿ ಅರ್ಧ ದಿನ ಶಾಲೆ. ಒಬ್ಬ ಮಗು ಅಲ್ಲಿ, ಇನ್ನೊಬ್ಬ ಇಲ್ಲಿ ಎಂದಾದರೆ ಮನೆಯ ವಾರವೇ ಏರುಪೇರು.

ಪುಟ್ಟ ಮಕ್ಕಳು, ಅಕ್ಷರ, ಮನೆಮಾತು

ಎಫ್‌ಎಸ್, ಇಯರ್ 1ರಲ್ಲಿ ಓದು ಕಲಿಸುವುದು ಫೋನಿಕ್ಸ್ ವಿಧಾನದಲ್ಲಿ. ನಮ್ಮ ‘ಕ’ ಅಕ್ಷರದ ಹೆಸರೂ ಕ, ಉಲಿಯೂ ಕ. ಇಂಗ್ಲಿಷ್‌ನಲ್ಲಿ ಅಕ್ಷರದ ಹೆಸರು ‘ಸಿ’, ‘ಕ್ಯಾಟ್’ನಲ್ಲಿ ಅದರ ಉಲಿ ‘ಕ್’. ಫೋನಿಕ್ಸ್‌ನಲ್ಲಿ ಮೊದಲು ಉಲಿ, ಹೆಸರು ಆಮೇಲೆ. ಊರಲ್ಲಿ ಎ ಬಿ ಸಿ ಡಿ ಬಾಯಿಪಾಠ ಮಾಡಿ ಬಂದ ಮಗುವಿಗೆ ಶಾಲೆಯವರು ‘ಸಿ’ ಎನ್ನಬೇಡ, ‘ಕ್’ ಎನ್ನು ಎಂದಾಗ ಮೊದಲ ಕೆಲವು ವಾರ ತಬ್ಬಿಬ್ಬಾಗುವುದು ಸಹಜ. ಇಂಗ್ಲೆಂಡಿನ ಇಯರ್ 1ರ ಫೋನಿಕ್ಸ್ ಪರೀಕ್ಷೆಯಲ್ಲಿ 40 ಪದ. ಅದರಲ್ಲಿ 20 ಅರ್ಥವೇ ಇಲ್ಲದವು. ನೆನಪಿನಿಂದ ಹೇಳದೆ ಉಲಿ ಕೂಡಿಸಿ ಓದುತ್ತದೆಯೇ ಎಂದು ನೋಡಲು ಹಾಗೆ. ಕನ್ನಡದ ಕಾಗುಣಿತ ಕಲಿತ ಮಗುವಿಗೆ ಈ ಕೂಡಿಸುವ ಕೆಲಸ ಹೊಸದಲ್ಲ. ಆದ್ದರಿಂದ ‘ಇಂಗ್ಲಿಷ್ ಕೆಡುತ್ತದೆ, ಮನೆಯಲ್ಲಿ ಕನ್ನಡ ಬಿಡಿ’ ಎಂಬ ಸಲಹೆ ಕೇಳಬೇಕಿಲ್ಲ. ಮನೆಯಲ್ಲಿ ಕನ್ನಡ ಗಟ್ಟಿಯಾಗಿರಲಿ, ಇಂಗ್ಲಿಷನ್ನು ಶಾಲೆ ನೋಡಿಕೊಳ್ಳುತ್ತದೆ. ದುಬೈಯಲ್ಲಿ ಕನ್ನಡಿಗರೇ ನಡೆಸುವ ಕನ್ನಡ ಪಾಠಶಾಲೆ ಇದೆ. ಒಂಬತ್ತಕ್ಕೆ ಕರ್ನಾಟಕದ ಶಾಲೆಗೆ ಮರಳುವ ಮಗುವಿಗೆ ಅಲ್ಲಿ ಕಲಿತ ಅಕ್ಷರ ನೇರವಾಗಿ ಕೆಲಸಕ್ಕೆ ಬರುತ್ತದೆ, ಏಕೆಂದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದೆ.

ದೊಡ್ಡ ಮಕ್ಕಳಿಗೆ ಪ್ರವೇಶಕ್ಕೆ ಹೆಚ್ಚಾಗಿ ಯೋಚನಾಶಕ್ತಿ ಅಳೆಯುವ ಕ್ಯಾಟ್ 4 ಎಂಬ ಪರೀಕ್ಷೆ. ಮಾತು, ಅಂಕಿ, ಚಿತ್ರವಿನ್ಯಾಸ, ಆಕಾರ ಎಂಬ ನಾಲ್ಕು ಭಾಗ. 100 ಅಂದರೆ ಆ ವಯಸ್ಸಿನ ಸರಾಸರಿ. ಅಂಕಿಯಲ್ಲಿ 118, ಮಾತಿನಲ್ಲಿ 88 ಬಂದ ಮಗು ದಡ್ಡನಲ್ಲ, ಇಂಗ್ಲಿಷ್ ಹೊಸದು ಅಷ್ಟೆ. ಶಾಲೆ ನಾಲ್ಕೂ ಅಂಕಿಯನ್ನು ನಿಮ್ಮ ಮುಂದಿಟ್ಟು, ಇಂಗ್ಲಿಷ್‌ಗೆ ಯಾವ ನೆರವು ಕೊಡುತ್ತೇವೆ, ಅದಕ್ಕೆ ಪ್ರತ್ಯೇಕ ಹಣ ಇದೆಯೇ ಎಂದು ಹೇಳಿದರೆ ಅದು ಒಳ್ಳೆಯ ಲಕ್ಷಣ. ಕಲಿಕೆಯ ತೊಂದರೆ ಇರುವ ಮಗುವಿನ ವಿಷಯ ಮುಚ್ಚಿಡಬೇಡಿ. ವರದಿ ಮೊದಲೇ ಕೊಟ್ಟರೆ ಜೊತೆಗೆ ಕೂರುವ ಸಹಾಯಕರ ಸಂಬಳ ಯಾರು ಕೊಡಬೇಕು ಎಂಬುದು ಆಗಲೇ ಇತ್ಯರ್ಥವಾಗುತ್ತದೆ. ಬಹುತೇಕ ಕಡೆ ಅದು ಅಪ್ಪ ಅಮ್ಮನ ಮೇಲೇ ಬರುತ್ತದೆ, ಮೊತ್ತವೂ ದೊಡ್ಡದು.

ಊರು ಬಿಡುವ ಮುನ್ನ

ಸಾಮಾನ್ಯವಾಗಿ ಇಯರ್ 3ರಿಂದ ಮೇಲಕ್ಕೆ ಸೇರುವ ಮಕ್ಕಳ ಟಿಸಿಗೆ ದೃಢೀಕರಣ ಬೇಕು. ಶಾಲೆ ಕೊಟ್ಟ ಟಿಸಿಗೆ ಬಿಇಒ ಮೇಲುಸಹಿ, ನಂತರ ಡಿಡಿಪಿಐ ಕಚೇರಿ, ಆಮೇಲೆ ರಾಜ್ಯ ಮಟ್ಟ, ಭಾರತದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ. ವಾರಗಳು ಹಿಡಿಯುವ ಕೆಲಸ. ದುಬೈಯಲ್ಲಿ ಕೂತುಕೊಂಡು ಊರಲ್ಲಿರುವ ಮಾವನನ್ನು ಬಿಇಒ ಕಚೇರಿಗೆ ಓಡಿಸುವುದಕ್ಕಿಂತ ಹೊರಡುವ ಮೊದಲೇ ಮುಗಿಸಿಕೊಂಡರೆ ಎಲ್ಲರಿಗೂ ನೆಮ್ಮದಿ.

ಟಿಸಿ ಕೈಗೆ ಬಂದ ಕೂಡಲೇ, ಶಾಲೆಯ ಕಚೇರಿ ಬಿಡುವ ಮೊದಲೇ, ಮೂರು ಸಾಲು ಓದಿ. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆಯೇ? ಟಿಸಿಯಲ್ಲಿ ‘ಅನನ್ಯ ಎಸ್’ ಎಂದೂ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ‘ಅನನ್ಯ ಸುರೇಶ್’ ಎಂದೂ ಇದ್ದರೆ ಎಷ್ಟು ಸಹಿ ಬಿದ್ದಿದ್ದರೂ ಹೊಸದಾಗಿ ಶುರುಮಾಡಬೇಕಾಗುತ್ತದೆ. ಹುಟ್ಟಿದ ದಿನ ಎರಡರಲ್ಲೂ ಒಂದೇ ಆಗಿದೆಯೇ? ಮೂರನೆಯದು, ಯಾವ ತರಗತಿ ಮುಗಿಸಿ ಯಾವ ತರಗತಿಗೆ ತೇರ್ಗಡೆಯಾಗಿದೆ ಎಂದು ಅಕ್ಷರದಲ್ಲಿ ಬರೆದಿದ್ದಾರೆಯೇ? ‘ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದ’ ಎಂದಷ್ಟೇ ಇದ್ದರೆ ಅಲ್ಲಿನ ದಾಖಲಾತಿ ಗುಮಾಸ್ತರು ಮಗುವನ್ನು ಇಯರ್ 5ಕ್ಕೆ ಇಡಬೇಕೋ 6ಕ್ಕೋ ಎಂದು ತಿಳಿಯದೆ ಫೈಲು ಪಕ್ಕಕ್ಕಿಡುತ್ತಾರೆ, ಮಗು ಮನೆಯಲ್ಲೇ ಕೂರುತ್ತದೆ. ತಿದ್ದುಪಡಿ ಇದ್ದರೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಬೀಳುವ ಮೊದಲೇ ಮಾಡಿಸಿಕೊಳ್ಳಿ. ವೈಟ್‌ನರ್ ಬಳಿದ ಟಿಸಿಗೆ ಮುಂದಿನ ಕಚೇರಿಯಲ್ಲಿ ಸಹಿ ಹಾಕುವುದಿಲ್ಲ.